ಕರಾವಳಿಯ ತುಕ್ಕು ಮತ್ತು ಹಳೆಯ ಹೆರಾಲ್ಡ್: ಎಂಜಿನ್ ಬದಲಿಸಿ ಕಾರನ್ನು ಉಳಿಸಿಕೊಳ್ಳುವ ಕ್ರಮ

ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ತಯಾರಿಸತೊಡಗಿದ ಸ್ಟ್ಯಾಂಡರ್ಡ್ ಹೆರಾಲ್ಡ್, ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರಿನ ಭಾರತೀಯ ರೂಪ. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಅದರ ಮೈಕಟ್ಟನ್ನು ರೂಪಿಸಿದವರು. ಅದೇ ಹೆರಾಲ್ಡಿನ ಚಾಸಿಸ್ (ಬಾಡಿಯನ್ನು ಹೊರುವ ಅಡಿಚೌಕಟ್ಟು) ವಿನ್ಯಾಸವನ್ನು ಮೋಟುಗೊಳಿಸಿ ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಆದ್ದರಿಂದ ಸ್ಪಿಟ್‌ಫೈರನ್ನು ದುರಸ್ತಿ ಮಾಡಿದವರು ಕಲಿತ ಬಹುಪಾಲು ವಿಷಯಗಳು ನಮ್ಮ ಎರಡು ಬಾಗಿಲಿನ ಹೆರಾಲ್ಡಿಗೂ ಅನ್ವಯಿಸುತ್ತವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಇಂಥದೊಂದು ಕಾರು ತೆಂಗಿನ ಮಡಲು ಹೊದಿಸಿದ ಚಪ್ಪರದ ಕೆಳಗೆ ವರ್ಷಗಟ್ಟಲೆ ನಿಂತು, ಎಂಜಿನ್ ತಿರುಗದಂತೆ ಜಾಮಾಗಿ ಅಥವಾ ಕಾಣೆಯಾಗಿ, ತಗಡು ತೂತುಬಿದ್ದ ಸ್ಥಿತಿಯಲ್ಲಿ ನಿಮಗೆ ಸಿಕ್ಕಿದ್ದರೆ, ಅದನ್ನು ಮತ್ತೆ ರಸ್ತೆಗೆ ತರುವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಕ್ರಮ ಎಂಬ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಹೆಚ್ಚಿನವರು ಮೊದಲು ಎಂಜಿನ್ ಕೊಳ್ಳುತ್ತಾರೆ, ಏಕೆಂದರೆ ಆಸೆ ಇರುವುದು ಅಲ್ಲಿ. ಆದರೆ ಕರಾವಳಿಯ ಕಾರಿನಲ್ಲಿ ಕಾರನ್ನು ಕೊಲ್ಲುವುದು ಎಂಜಿನ್ನಿನ ದೋಷವಲ್ಲ, ಲೋಹದೊಳಗೆ ಉಳಿದ ಉಪ್ಪು. ಕಾಗದಪತ್ರ ಮೊದಲು, ತಗಡು ಮತ್ತು ಚಾಸಿಸ್ ಅನಂತರ, ಬಣ್ಣ ಬಳಿಯುವ ಮುನ್ನ ಎಂಜಿನ್ನನ್ನು ಒಮ್ಮೆ ಕೂರಿಸಿ ನೋಡುವುದು, ಬ್ರೇಕು ಮತ್ತು ಸಸ್ಪೆನ್ಶನ್ ಸಿದ್ಧವಾದ ಮೇಲೆಯೇ ಎಂಜಿನ್ನನ್ನು ಕಾಯಂ ಜೋಡಿಸುವುದು: ಈ ಅನುಕ್ರಮ ತಪ್ಪಿದರೆ ಹಣವೂ ಶ್ರಮವೂ ಎರಡೆರಡು ಸಲ ಖರ್ಚಾಗುತ್ತವೆ.

ಕಾಗದಪತ್ರ: ಸ್ಪ್ಯಾನರ್ ಹಿಡಿಯುವ ಮುನ್ನ

ಕೇಂದ್ರ ಸರ್ಕಾರ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ನೋಂದಣಿಯ ವಿಧಿಗಳನ್ನು ಸೇರಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಮೂಲರೂಪದಲ್ಲಿಯೇ ಇರುವ ವಾಹನಗಳಿಗೆ ಈ ನೋಂದಣಿ ಸಿಗುತ್ತದೆ. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂಥ ವಾಹನವನ್ನು ದಿನನಿತ್ಯ ಓಡಿಸಲು ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗಷ್ಟೇ ರಸ್ತೆಗೆ ಇಳಿಸಬಹುದು. ಎಂದರೆ, ಎಂಜಿನ್ ಬದಲಿಸುವ ನಿರ್ಧಾರ ಮಾಡಿದ ಕ್ಷಣವೇ ವಿಂಟೇಜ್ ನೋಂದಣಿಯ ದಾರಿಯನ್ನು ನೀವು ಮುಚ್ಚಿಕೊಂಡಂತೆ. ಮೂಲ 948 ಸಿಸಿ ಎಂಜಿನ್ ಇನ್ನೂ ಕಾರಿನಲ್ಲಿದ್ದು, ಬ್ಲಾಕು ಬಿರುಕು ಬಿಡದೆ ಇದ್ದರೆ, ಅದನ್ನೇ ಬೋರ್ ಮಾಡಿಸಿ (ಸವೆದ ಸಿಲಿಂಡರುಗಳನ್ನು ಮತ್ತೆ ಕೊರೆಸಿ) ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಸರಿಯಾದ ಆಯ್ಕೆ. ಎಂಜಿನ್ನೇ ಇಲ್ಲದ ಅಥವಾ ದುರಸ್ತಿಗೆ ಮೀರಿದ ಕಾರಿಗೆ ಮಾತ್ರ ಬದಲಿ ಎಂಜಿನ್ನಿನ ಮಾತು ಬರಬೇಕು.

ಬದಲಿ ಎಂಜಿನ್ ಹಾಕುವುದಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಮಗೆ ಅನ್ವಯಿಸುತ್ತದೆ. ತಯಾರಕರು ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎಂಬುದು ಅದರ ಮೂಲ ನಿಬಂಧನೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಓ ಕಚೇರಿಯ, ಒಪ್ಪಿಗೆ ಬೇಕು. ಕಾರವಾರ ಕೆಎ 30, ಶಿರಸಿ ಕೆಎ 31, ಹೊನ್ನಾವರ ಕೆಎ 47, ದಾಂಡೇಲಿ ಕೆಎ 65. ನಿಮ್ಮ ವಾಸಸ್ಥಳ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ ಹೋಗಿ, ಯಾವ ಎಂಜಿನ್, ಎಷ್ಟು ಸಿಸಿ, ಯಾವ ಇಂಧನ ಎಂಬುದನ್ನು ಬರೆದ ಅರ್ಜಿ ಕೊಟ್ಟು, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿಗೆ ಸಿಕ್ಕ ಭರವಸೆಯನ್ನು ನಂಬಿ ಎಂಜಿನ್ ಕೊಳ್ಳಬೇಡಿ. ಅನುಮತಿ ಸಿಗದಿದ್ದರೆ ಮೂಲ ಎಂಜಿನ್ನನ್ನೇ ಹುಡುಕಬೇಕಾಗುತ್ತದೆ, ಅದನ್ನು ಮೊದಲೇ ತಿಳಿದುಕೊಳ್ಳುವುದು ಲೇಸು.

ಕೊಳ್ಳುವ ಎಂಜಿನ್ನಿಗೂ ದಾಖಲೆ ಬೇಕು: ಬಿಲ್ಲು, ಅದು ಬಂದ ವಾಹನದ ಆರ್‌ಸಿ ಪ್ರತಿ ಅಥವಾ ಗುಜರಿಗೆ ಹೋದ ಪ್ರಮಾಣಪತ್ರ, ಮತ್ತು ಬ್ಲಾಕಿನ ಮೇಲೆ ಸ್ಪಷ್ಟವಾಗಿ ಓದಲು ಬರುವ ಎಂಜಿನ್ ನಂಬರು. ನಂಬರನ್ನು ಗ್ರೈಂಡ್ ಮಾಡಿದ ಗುರುತು ಕಂಡರೆ, ಬೆಲೆ ಎಷ್ಟೇ ಅಗ್ಗವಿರಲಿ, ಅಲ್ಲಿಂದ ಎದ್ದು ಬನ್ನಿ.

ತುಕ್ಕಿನ ಸ್ಥಿತಿಯನ್ನು ಅಳೆಯುವುದು

ಹೆರಾಲ್ಡಿನ ದೊಡ್ಡ ಅನುಕೂಲವೆಂದರೆ ಅದಕ್ಕೆ ಪ್ರತ್ಯೇಕ ಚಾಸಿಸ್ ಇದೆ ಮತ್ತು ಬಾಡಿಯ ಭಾಗಗಳನ್ನು ಬೋಲ್ಟುಗಳಿಂದ ಜೋಡಿಸಲಾಗಿದೆ. ಮುಂದಿನ ಮಡ್‌ಗಾರ್ಡುಗಳ ಸಮೇತ ಇಡೀ ಬಾನೆಟ್ ಮುಂದಕ್ಕೆ ಎದ್ದು ನಿಲ್ಲುತ್ತದೆ, ಮೇಲ್ಛಾವಣಿಯೂ ಬಿಚ್ಚಿ ಬರುತ್ತದೆ. ಅದೇ ಕಾರಣಕ್ಕೆ ಜೋಡಣೆಯ ಸಂದುಗಳು ಹೆಚ್ಚು, ಆ ಸಂದುಗಳಲ್ಲೇ ಉಪ್ಪುನೀರು ಕೂರುತ್ತದೆ. ಚಾಸಿಸ್ಸಿನಿಂದ ಪಕ್ಕಕ್ಕೆ ಚಾಚಿ ಬಾಡಿಯನ್ನು ಹೊರುವ ತೋಳುಗಳು, ಹಿಂದೆ ಡಿಫರೆನ್ಶಿಯಲ್ (ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆ) ಕೂರುವ ಜಾಗದ ಸುತ್ತಲಿನ ಪೆಟ್ಟಿಗೆ, ಮುಂದಿನ ಆಸನದ ಕಾಲಿಡುವ ಹೊಂಡ, ಬಾಗಿಲುಗಳ ತಳದಂಚು, ಡಿಕ್ಕಿಯ ಒಳಗೆ ಸ್ಟೆಪ್ನಿ ಇಡುವ ಗುಳಿ, ಗಾಜಿನ ಕೆಳಗಿನ ಮೂಲೆಗಳು, ಬಾನೆಟ್ಟಿನ ಹಿಂಜ್ ಕೊಳವೆಗಳು: ಇವನ್ನೆಲ್ಲ ಒಂದೊಂದಾಗಿ ಪರಿಶೀಲಿಸಬೇಕು.

ಪರೀಕ್ಷೆಗೆ ಸಣ್ಣ ಸುತ್ತಿಗೆ ಮತ್ತು ಹಳೆಯ ಸ್ಕ್ರೂಡ್ರೈವರ್ ಸಾಕು. ಗಟ್ಟಿ ಲೋಹ ಟಣ್ ಎಂದು ದನಿಕೊಡುತ್ತದೆ, ತುಕ್ಕು ತಿಂದ ಲೋಹದ ದನಿ ಮೊದ್ದಾಗಿರುತ್ತದೆ. ಮೊದ್ದು ದನಿ ಬಂದಲ್ಲಿ ಸ್ಕ್ರೂಡ್ರೈವರಿನಿಂದ ಬಲವಾಗಿ ಒತ್ತಿ. ತೂತಾಗುವುದಾದರೆ ಈಗಲೇ ಆಗಲಿ. ಮೇಲೆ ದಪ್ಪಗೆ ಪುಟ್ಟಿ ಹಚ್ಚಿ ಬಣ್ಣ ಬಳಿದ ಜಾಗವನ್ನು ಅಯಸ್ಕಾಂತದಿಂದ ಗುರುತಿಸಬಹುದು, ಅಲ್ಲಿ ಅದು ಅಂಟಿಕೊಳ್ಳುವುದಿಲ್ಲ. ಪ್ರತಿ ತೂತನ್ನೂ ಸೀಮೆಸುಣ್ಣದಿಂದ ಸುತ್ತುಹಾಕಿ ಫೋಟೋ ತೆಗೆದಿಡಿ. ಟಿಂಕರಿಂಗ್ ಕೆಲಸಗಾರರೊಡನೆ ಮಜೂರಿ ಮಾತಾಡುವಾಗ ಆ ಫೋಟೋಗಳೇ ಆಧಾರ.

ಚಾಸಿಸ್ಸಿನ ಎರಡು ಉದ್ದ ತೊಲೆಗಳೇ ಹಲವು ಕಡೆ ಕಾಗದದಷ್ಟು ತೆಳ್ಳಗಾಗಿದ್ದರೆ ಆ ಕಾರನ್ನು ಬಿಡಿಭಾಗಗಳಿಗಾಗಿ ಇಟ್ಟುಕೊಂಡು ಬೇರೊಂದನ್ನು ಹುಡುಕುವುದೇ ಸೂಕ್ತ. ಚಾಚುತೋಳುಗಳು ಮಾತ್ರ ಹೋಗಿದ್ದರೆ ಭಯವಿಲ್ಲ, ಅವನ್ನು ಹೊಸದಾಗಿ ಮಾಡಿ ಬೆಸೆಯಬಹುದು.

ಬಿಚ್ಚುವುದು, ತುಕ್ಕು ಕೀಳುವುದು, ಉಪ್ಪು ತೊಳೆಯುವುದು

ಈ ಭಾಗಕ್ಕೆ ಹೆಚ್ಚಿನ ಸಮಯ ಮೀಸಲಿಡಿ. ನಮ್ಮ ಕರಾವಳಿಯಲ್ಲಿ ಕೆಲಸದ ಕಾಲ ದೀಪಾವಳಿಯ ಆಸುಪಾಸಿಗೆ ಶುರುವಾಗಿ, ಮೃಗಶಿರಾ ಮಳೆ ಹಿಡಿಯುವ ಮೊದಲು ಮುಗಿಯಬೇಕು. ಬರಿಯ ಲೋಹವನ್ನು ಮಳೆಗಾಲಕ್ಕೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಬಾಡಿಯನ್ನು ಚಾಸಿಸ್ಸಿನಿಂದ ಎತ್ತುವ ಮೊದಲು ನೆಲದ ತಗಡು ಮತ್ತು ಬಾಗಿಲಿನ ಕೆಳಗಿನ ಪಟ್ಟಿಗಳ ದೊಡ್ಡ ತೂತುಗಳನ್ನು ತಾತ್ಕಾಲಿಕವಾಗಿಯಾದರೂ ಭದ್ರಪಡಿಸಿಕೊಳ್ಳಿ, ಇಲ್ಲವಾದರೆ ಎತ್ತುವಾಗಲೇ ಬಾಡಿ ಬಾಗುತ್ತದೆ. ಎರಡೂ ಬಾಗಿಲಿನ ಚೌಕಟ್ಟಿಗೆ ಒಂದಿಂಚಿನ ಚೌಕ ಪೈಪನ್ನು ಅಡ್ಡವಾಗಿಯೂ ಕರ್ಣರೇಖೆಯಲ್ಲಿಯೂ ಬೆಸೆದು, ಬಾಗಿಲಿನ ಸಂದಿನ ಅಳತೆಗಳನ್ನು ಬರೆದಿಡಬೇಕು. ಬಿಚ್ಚಿದ ಬೋಲ್ಟುಗಳನ್ನು ಆಯಾ ಭಾಗದ ಹೆಸರು ಬರೆದ ಚೀಲಗಳಲ್ಲಿ ಹಾಕಿಡಿ. ಮುರಿದ ಬೋಲ್ಟನ್ನೂ ಎಸೆಯಬೇಡಿ, ಏಕೆಂದರೆ ಈ ಕಾಲದ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಇಂಚು ಲೆಕ್ಕದ ತಿರುಪಿನ ಮರೆಗಳಿದ್ದು (ಥ್ರೆಡ್), ಅಂಗಡಿಯಲ್ಲಿ ಮಾದರಿ ತೋರಿಸದೆ ಸರಿಯಾದದ್ದು ಸಿಗುವುದು ಕಷ್ಟ.

ಚಾಸಿಸ್ಸಿಗೆ ಗ್ರಿಟ್ ಬ್ಲಾಸ್ಟಿಂಗ್ (ಗಟ್ಟಿ ಹರಳುಗಳನ್ನು ಗಾಳಿಯ ಒತ್ತಡದಿಂದ ಚಿಮ್ಮಿಸಿ ತುಕ್ಕು ಕೀಳುವುದು) ಮಾಡಿಸುವುದು ಉತ್ತಮ, ಬಾಡಿಯ ತೆಳು ತಗಡಿಗೆ ಮಾಡಿಸಬೇಡಿ. ಅದರ ರಭಸಕ್ಕೆ ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು: ಕಡಲತೀರದ ಮರಳನ್ನು ಯಾವ ಕಾರಣಕ್ಕೂ ಬ್ಲಾಸ್ಟಿಂಗಿಗೆ ಬಳಸಬೇಡಿ. ಅದರಲ್ಲಿರುವ ಉಪ್ಪು ಲೋಹದ ಗುಳಿಗಳೊಳಗೆ ಹೊಡೆದು ಕೂರುತ್ತದೆ, ಅದರ ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಗಾರ್ನೆಟ್ ಅಥವಾ ಉಕ್ಕಿನ ಗ್ರಿಟ್ ಬಳಸುವವರನ್ನೇ ಹುಡುಕಿ.

ಹಿಂಜು, ಬ್ರಾಕೆಟ್ಟು, ಜ್ಯಾಕಿನಂಥ ಸಣ್ಣ ಉಕ್ಕಿನ ಭಾಗಗಳಿಗೆ ದನದ ಮೇವಿಗೆ ಬಳಸುವ ಕಾಕಂಬಿ ಅಗ್ಗದ ಮತ್ತು ನಂಬಬಹುದಾದ ಮದ್ದು. ಒಂದು ಪಾಲು ಕಾಕಂಬಿಗೆ ಸುಮಾರು ಒಂಬತ್ತು ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಭಾಗಗಳನ್ನು ಎರಡು ವಾರದವರೆಗೆ ಮುಳುಗಿಸಿಟ್ಟರೆ ತುಕ್ಕು ಮಾತ್ರ ಕರಗಿ ಉಕ್ಕು ಉಳಿಯುತ್ತದೆ. ಅಲ್ಯೂಮಿನಿಯಮ್ಮಿನ ಭಾಗಗಳನ್ನು ಅದರಲ್ಲಿ ಹಾಕಬಾರದು. ವಾಸನೆ ಸಹಿಸಲಾಗದಷ್ಟು ಬರುವುದರಿಂದ ಡ್ರಮ್ಮನ್ನು ಮನೆಯಿಂದ ದೂರ ಇಡಿ.

ತುಕ್ಕು ತೆಗೆದ ಲೋಹ ಬೆಳ್ಳಗೆ ಹೊಳೆದರೂ ಕೆಲಸ ಮುಗಿದಿಲ್ಲ. ಕರಾವಳಿಯ ತುಕ್ಕಿನ ಗುಳಿಗಳ ತಳದಲ್ಲಿ ಕ್ಲೋರೈಡ್ ಲವಣ ಉಳಿದಿರುತ್ತದೆ. ಅದು ಗಾಳಿಯ ತೇವವನ್ನು ಹೀರಿ ಬಣ್ಣದ ಅಡಿಯಲ್ಲೇ ಮತ್ತೆ ತುಕ್ಕು ಹುಟ್ಟಿಸುತ್ತದೆ. ಕರಾವಳಿಯಲ್ಲಿ ರಿಪೇರಿಯಾದ ಕಾರುಗಳು ಎರಡೇ ಮಳೆಗಾಲದಲ್ಲಿ ಗುಳ್ಳೆ ಏಳುವುದಕ್ಕೆ ಬಹುತೇಕ ಇದೇ ಕಾರಣ. ಆದ್ದರಿಂದ ಲೋಹವನ್ನು ಒತ್ತಡದ ಸಿಹಿನೀರಿನಿಂದ ತೊಳೆದು, ಗಾಳಿ ಹಾಯಿಸಿ ಒಣಗಿಸಿ, ವೈರ್ ಬ್ರಷ್ಷಿನಿಂದ ಉಜ್ಜಿ, ಮತ್ತೆ ತೊಳೆಯಬೇಕು. ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಬಾವಿಯ ನೀರು ಬೇಸಿಗೆಯಲ್ಲಿ ಸವುಳಾಗುತ್ತದೆ, ಅಂಥ ನೀರು ಇದಕ್ಕೆ ಆಗದು. ಉಪ್ಪು ಹೋಯಿತೇ ಎಂದು ತಿಳಿಯಲು ಸುಲಭ ಉಪಾಯವಿದೆ: ಸ್ವಚ್ಛಗೊಳಿಸಿದ ಜಾಗದ ಮೇಲೆ ಶುದ್ಧ ನೀರನ್ನು ತುಂತುರಾಗಿ ಸಿಂಪಡಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಇಡೀ ಮೇಲ್ಮೈ ಸಮನಾಗಿ ತೆಳು ಕೆಂಪಾಗಿದ್ದರೆ ಅದು ಸಹಜ. ಕಡುಕಂದು ಚುಕ್ಕೆಗಳು ಗುಳಿಗುಳಿಗಳಲ್ಲಿ ಎದ್ದಿದ್ದರೆ ಉಪ್ಪು ಇನ್ನೂ ಒಳಗಿದೆ. ಚುಕ್ಕೆ ಏಳುವುದು ನಿಲ್ಲುವವರೆಗೂ ತೊಳೆಯುವುದನ್ನು ಮುಂದುವರಿಸಿ, ಕೊನೆಗೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಹಚ್ಚಿ, ಅದರ ಡಬ್ಬಿಯ ಮೇಲಿನ ಸೂಚನೆಯಂತೆ ತೊಳೆದು ಒಣಗಿಸಿ.

ಮತ್ತೊಂದು ನಿಯಮ: ಉಪ್ಪಿನ ಪರೀಕ್ಷೆಗೆ ಬಿಟ್ಟ ಜಾಗವನ್ನು ಹೊರತುಪಡಿಸಿ, ಸಂಜೆಯೊಳಗೆ ಪ್ರೈಮರ್ ಹಚ್ಚಲು ಸಾಧ್ಯವಾಗುವಷ್ಟು ಜಾಗದ ಬಣ್ಣವನ್ನು ಮಾತ್ರ ಬೆಳಿಗ್ಗೆ ಕೆರೆಯಿರಿ. ಕಾರವಾರದ ಗಾಳಿಯಲ್ಲಿ ಬರಿಯ ಉಕ್ಕು ಒಂದು ರಾತ್ರಿಯನ್ನೂ ತಡೆಯುವುದಿಲ್ಲ.

ತಗಡಿನ ಕೆಲಸ

ಬಾಡಿಗೆ 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ ಸಿಆರ್‌ಸಿಎ (ತಣ್ಣಗೆ ಉರುಳಿಸಿ ತಯಾರಿಸಿದ ಉಕ್ಕಿನ) ತಗಡು ಸಾಕು. ನೆಲಕ್ಕೆ 18 ಗೇಜ್ ಹಾಕಬಹುದು. ಚಾಸಿಸ್ಸಿನ ತೋಳುಗಳಿಗೆ ಮೂಲದಷ್ಟೇ ದಪ್ಪದ ಅಥವಾ ಕೊಂಚ ಹೆಚ್ಚಿನ ದಪ್ಪದ ಹಾಳೆ ಬೇಕು. ತುಕ್ಕು ಹಿಡಿಯದು ಎಂಬ ಆಸೆಗೆ ಸತು ಲೇಪಿಸಿದ ಜಿಐ ತಗಡನ್ನು ಬೆಸೆಯುವುದನ್ನು ಹಲವು ಕಡೆ ನೋಡುತ್ತೇವೆ. ಬೆಸುಗೆಯ ಶಾಖಕ್ಕೆ ಅದರ ಸತು ಸುಟ್ಟು ವಿಷಕಾರಿ ಹೊಗೆ ಬರುತ್ತದೆ, ಬೆಸುಗೆಯೂ ರಂಧ್ರಮಯವಾಗುತ್ತದೆ, ಮತ್ತು ರಕ್ಷಣೆ ಅತ್ಯಗತ್ಯವಾದ ಆ ಅಂಚಿನಲ್ಲೇ ಸತು ಉಳಿಯುವುದಿಲ್ಲ.

ಕಾರವಾರದ ಬೈತಖೋಲ ಬಂದರಿನ ಸುತ್ತಮುತ್ತ ದೋಣಿಗಳ ಕಬ್ಬಿಣದ ಕೆಲಸ ಮಾಡುವ ನುರಿತ ವೆಲ್ಡರುಗಳಿದ್ದಾರೆ. ಅವರು ದಪ್ಪ ಪ್ಲೇಟಿನ ಕೆಲಸಕ್ಕೆ ಬಳಸುವ ರಾಡ್ ವೆಲ್ಡಿಂಗ್ ಚಾಸಿಸ್ಸಿಗೆ ನಡೆಯಬಹುದು, ಬಾಡಿಯ ತಗಡನ್ನು ಮಾತ್ರ ಸುಟ್ಟು ತೂತು ಮಾಡುತ್ತದೆ. ಬಾಡಿಗೆ 0.8 ಮಿಲಿಮೀಟರ್ ತಂತಿಯ, ರಕ್ಷಕ ಅನಿಲ ಹಾಯಿಸುವ ಮಿಗ್ ವೆಲ್ಡಿಂಗ್ ಬೇಕು. ಒಂದೇ ಸಮನೆ ಗೆರೆ ಎಳೆಯದೆ, ಚುಕ್ಕೆಚುಕ್ಕೆಯಾಗಿ ಒಂದು ಮೂಲೆಯಿಂದ ಎದುರು ಮೂಲೆಗೆ ಹಾರುತ್ತ, ನಡುನಡುವೆ ತಣಿಯಲು ಬಿಡುತ್ತ ಬೆಸೆಯಬೇಕು. ಮಧ್ಯಾಹ್ನದ ಅನಂತರ ಬೀಸುವ ಕಡಲಗಾಳಿ ಮಿಗ್‌ನ ರಕ್ಷಕ ಅನಿಲವನ್ನು ಹಾರಿಸಿಕೊಂಡು ಹೋಗುವುದರಿಂದ ಚಪ್ಪರದಲ್ಲಿ ಕೆಲಸ ಮಾಡುವವರು ಬೆಸುಗೆಯನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ತುಕ್ಕಿನ ಮೇಲೆ ತೇಪೆ ಹಚ್ಚಬೇಡಿ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಕೂರಿಸಿ. ಒಂದರ ಮೇಲೊಂದು ತಗಡು ಬಂದಲ್ಲಿ ಸಂದು ಉಳಿಯುತ್ತದೆ, ಅಲ್ಲಿಗೆ ತೇವ ಬಂದೇ ಬರುತ್ತದೆ.

ಬಾಗಿಲು, ನೆಲ, ಡಿಕ್ಕಿ ಎಲ್ಲದರಲ್ಲೂ ಮೂಲತಃ ನೀರು ಹರಿದುಹೋಗುವ ರಂಧ್ರಗಳಿದ್ದವು. ಹೊಸ ತಗಡು ಹಾಕುವ ಉತ್ಸಾಹದಲ್ಲಿ ಅವು ಮುಚ್ಚಿಹೋಗುವುದು ಸಾಮಾನ್ಯ. ಅವನ್ನು ಮತ್ತೆ ಕೊರೆಯಿರಿ.

ಎಂಜಿನ್ನಿನ ಆಯ್ಕೆ ಮತ್ತು ಒಣ ಜೋಡಣೆ

ಹೆರಾಲ್ಡಿನ ತೂಕ ಸುಮಾರು 800 ಕಿಲೋ, ಮೂಲ 948 ಸಿಸಿ ಎಂಜಿನ್ನಿನ ಶಕ್ತಿ ಸುಮಾರು 35 ಅಶ್ವಶಕ್ತಿ. ಎಂಜಿನ್ ಉದ್ದುದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಇದಕ್ಕೆ ಹೊಂದುವ, ಇಲ್ಲಿ ಬಿಡಿಭಾಗ ಸಿಗುವ ಎಂಜಿನ್ ಎಂದರೆ ಮಾರುತಿ ಜಿಪ್ಸಿಯದು. 1298 ಸಿಸಿಯ ಈ ಎಂಜಿನ್ನಿನ ಕಾರ್ಬ್ಯುರೇಟರ್ ಮಾದರಿ ಸುಮಾರು 60, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಧನವನ್ನು ಚಿಮ್ಮಿಸುವ) ಮಾದರಿ 80 ಅಶ್ವಶಕ್ತಿ ಕೊಡುತ್ತವೆ. ಸೇನೆಯಿಂದ ಹರಾಜಾದ ಜಿಪ್ಸಿಗಳ ಕಾರಣ ಎಂಜಿನ್, ಗೇರ್‌ಬಾಕ್ಸ್ ಎರಡೂ ಜೋಡಿಯಾಗಿ ದೊರೆಯುತ್ತವೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಗಿಡ್ಡ ಶಾಫ್ಟ್ ಇರುತ್ತದೆ. ಅದನ್ನು ಕೈಬಿಟ್ಟು ಗೇರ್‌ಬಾಕ್ಸಿನಿಂದ ನೇರವಾಗಿ ಹಿಂದಿನ ಡಿಫರೆನ್ಶಿಯಲ್ಲಿಗೆ ಪ್ರೊಪೆಲ್ಲರ್ ಶಾಫ್ಟ್ ಒಯ್ಯಬಹುದು. ಆದರೆ ಜಿಪ್ಸಿಯ ಸ್ಪೀಡೋಮೀಟರ್ ತಂತಿ ಹೊರಡುವುದು ಆ ಟ್ರಾನ್ಸ್‌ಫರ್ ಕೇಸಿನಿಂದಲೇ ಆದ್ದರಿಂದ, ವೇಗ ತೋರಿಸಲು ಶಾಫ್ಟಿಗೆ ಸೆನ್ಸರ್ ಅಥವಾ ಜಿಪಿಎಸ್ ಮೀಟರಿನಂಥ ಬೇರೆ ಏರ್ಪಾಡು ಮಾಡಿಕೊಳ್ಳಬೇಕು.

ಎರಡರಲ್ಲಿ ಯಾವುದು ಎಂದು ಕೇಳಿದರೆ, ಹೆರಾಲ್ಡಿಗೆ 60 ಅಶ್ವಶಕ್ತಿಯೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಡಿಫರೆನ್ಶಿಯಲ್ ಮೂಲ ಎಂಜಿನ್ನಿಗೆ ತಕ್ಕಷ್ಟೇ ಬಲದ್ದು. 80 ಅಶ್ವಶಕ್ತಿಯನ್ನು ಅದರ ಮೇಲೆ ಒಮ್ಮೆಲೇ ಹೇರಿದರೆ ಅದರೊಳಗಿನ ಕ್ರೌನ್ ಪಿನಿಯನ್ ಗೇರುಗಳ ಹಲ್ಲುಗಳು ಹೋಗುತ್ತವೆ. ಎಂಪಿಎಫ್‌ಐ ಎಂಜಿನ್ನೇ ಬೇಕೆನ್ನುವವರು ಅದರ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಎಲ್ಲ ಸೆನ್ಸರುಗಳು ಮತ್ತು ಕತ್ತರಿಸದ ಪೂರ್ಣ ವೈರಿಂಗನ್ನು ಒಂದೇ ವಾಹನದಿಂದ ಪಡೆಯಬೇಕು. ಬಿಡಿಬಿಡಿಯಾಗಿ ಕೂಡಿಸಿದ ವೈರಿಂಗಿನಲ್ಲಿ ದೋಷ ಹುಡುಕುವುದು ತಿಂಗಳುಗಳ ಕೆಲಸ.

ಬಣ್ಣ ಬಳಿಯುವ ಮುನ್ನ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಚೈನ್ ಬ್ಲಾಕಿನಿಂದ ಇಳಿಸಿ ಒಣ ಜೋಡಣೆ ಮಾಡಿ, ಎಂದರೆ ತಾತ್ಕಾಲಿಕವಾಗಿ ಕೂರಿಸಿ ನೋಡಿ. ಎಂಜಿನ್ನನ್ನು ಸಾಧ್ಯವಾದಷ್ಟು ಹಿಂದಕ್ಕೂ ಕೆಳಕ್ಕೂ ಕೂರಿಸಿ. ಸಂಪು (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಚಾಸಿಸ್ಸಿನ ಅಡ್ಡತೊಲೆಗೆ ತಗಲದಂತೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಿಯರಿಂಗ್ ದಂಡಕ್ಕೂ ಬ್ರೇಕ್ ಪೈಪಿಗೂ ಹತ್ತಿರ ಬಾರದಂತೆ, ಬಾನೆಟ್ ಪೂರ್ತಿ ಮುಚ್ಚುವಂತೆ ನೋಡಿಕೊಳ್ಳಿ. ಎಂಜಿನ್ ಅಲುಗಾಡುವುದಕ್ಕೂ ಎಲ್ಲ ಕಡೆ ಎರಡು ಸೆಂಟಿಮೀಟರಿನಷ್ಟು ಜಾಗವಿರಲಿ. ಮೌಂಟಿಂಗ್ ಬ್ರಾಕೆಟ್ಟುಗಳನ್ನು ಚಾಸಿಸ್ಸಿಗೆ ಬೋಲ್ಟಿನಿಂದ ಕೂರಿಸುವಂತೆ ಮಾಡಿಸಿ, ಮೂಲ ಬ್ರಾಕೆಟ್ಟುಗಳನ್ನು ಕತ್ತರಿಸಬೇಡಿ. ಮುಂದೊಂದು ದಿನ ಮೂಲ ಎಂಜಿನ್ ಸಿಕ್ಕಾಗ ಕಾರನ್ನು ಹಿಂದಿನ ರೂಪಕ್ಕೆ ತರಲು ಸಾಧ್ಯವಾಗಬೇಕು. ಹಳೆಯ ವಸ್ತುವಿಗೆ ನಾವು ತೋರಬೇಕಾದ ಗೌರವ ಅದು.

ಹೆರಾಲ್ಡಿನಲ್ಲಿ ಡಿಫರೆನ್ಶಿಯಲ್ ಚಾಸಿಸ್ಸಿಗೇ ಬಿಗಿದಿರುವುದರಿಂದ ಶಾಫ್ಟಿನ ಕೋನ ಬದಲಾಗುವುದಿಲ್ಲ, ಅದು ನಮಗೆ ಅನುಕೂಲ. ಗೇರ್‌ಬಾಕ್ಸಿನ ಹೊರಶಾಫ್ಟ್ ಮತ್ತು ಡಿಫರೆನ್ಶಿಯಲ್ಲಿನ ಪಿನಿಯನ್ ಶಾಫ್ಟ್ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಪ್ರತಿ ಯುನಿವರ್ಸಲ್ ಜಾಯಿಂಟಿನ (ಶಾಫ್ಟಿನ ತುದಿಯ ಬಾಗುವ ಕೀಲಿನ) ಕೋನ ಮೂರು ಡಿಗ್ರಿಯೊಳಗೆ ಇರಬೇಕು. ಕೋನ ಸೊನ್ನೆಯೂ ಆಗಬಾರದು, ಆಗ ಜಾಯಿಂಟಿನ ಸೂಜಿ ಬೇರಿಂಗುಗಳು ಒಂದೇ ಜಾಗದಲ್ಲಿ ಸವೆಯುತ್ತವೆ. ಮೊಬೈಲಿನಲ್ಲಿರುವ ಕೋನಮಾಪಕವೇ ಇದಕ್ಕೆ ಸಾಕು. ಅಳತೆ ಖಚಿತವಾದ ಮೇಲೆ ಹುಬ್ಬಳ್ಳಿಯಲ್ಲಿ ಶಾಫ್ಟನ್ನು ಮೋಟು ಮಾಡಿಸಿ, ತಪ್ಪದೆ ಬ್ಯಾಲೆನ್ಸ್ ಮಾಡಿಸಿ. ಜಿಪ್ಸಿಯ ಕ್ಲಚ್ಚು ಕೇಬಲ್ಲಿನದು, ಹೆರಾಲ್ಡಿನದು ಹೈಡ್ರಾಲಿಕ್. ಪೆಡಲ್ಲಿನ ಈ ಮಾರ್ಪಾಡನ್ನೂ ಒಣ ಜೋಡಣೆಯ ಹಂತದಲ್ಲೇ ಮುಗಿಸಿ. ಎಲ್ಲ ಬ್ರಾಕೆಟ್ಟು, ಎಲ್ಲ ರಂಧ್ರ ಆದ ಬಳಿಕ ಎಂಜಿನ್ನನ್ನು ಮತ್ತೆ ಹೊರತೆಗೆಯಬೇಕು.

ಬಣ್ಣ

ಡಿಸೆಂಬರಿನಿಂದ ಫೆಬ್ರವರಿವರೆಗೆ ಕರಾವಳಿಯ ಗಾಳಿ ಉಳಿದ ತಿಂಗಳುಗಳಿಗಿಂತ ಒಣಗಿರುತ್ತದೆ, ಬಣ್ಣದ ಕೆಲಸವನ್ನು ಆಗ ಮಾಡಿ. ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಬಿಸಿಲೇರಿದ ಮೇಲೆ ಶುರುಮಾಡಿ ಇಳಿಹೊತ್ತಿಗೆ ಮೊದಲೇ ನಿಲ್ಲಿಸುವುದು ಸುರಕ್ಷಿತ. ಕೆಂಪು ರೆಡ್ ಆಕ್ಸೈಡ್ ಸಾಲದು, ಎರಡು ಘಟಕಗಳ ಎಪಾಕ್ಸಿ ಪ್ರೈಮರಿನ ಎರಡು ಕೋಟು ಬೇಕು. ಅದರ ಮೇಲೆ ಸಂದುಗಳಿಗೆ ಸೀಮ್ ಸೀಲರ್, ಕೆಳಭಾಗಕ್ಕೆ ಕಲ್ಲೇಟು ತಡೆಯುವ ಲೇಪನ, ಆಮೇಲೆ ಬಣ್ಣ. ಟಾರಿನಂಥ ಕಪ್ಪು ಲೇಪನ ಕಾಲಕ್ರಮೇಣ ಬಿರಿದು ತನ್ನಡಿಯಲ್ಲಿ ನೀರನ್ನು ಹಿಡಿದಿಡುವುದರಿಂದ ಅದನ್ನು ಬಿಟ್ಟುಬಿಡಿ. ಎರಡು ಘಟಕಗಳ ಪಿಯು (ಪಾಲಿಯುರೇಥೇನ್) ಬಣ್ಣಗಳ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅದನ್ನು ಸಿಂಪಡಿಸುವುದು ಪ್ರಾಣಾಪಾಯದ ಕೆಲಸ, ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇರುವ ಪೇಂಟರಿಂದಲೇ ಮಾಡಿಸಿ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಚಾಸಿಸ್ ಪೆಟ್ಟಿಗೆಗಳು, ಬಾಗಿಲುಗಳು, ಪಟ್ಟಿಗಳ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ತುಂಬಿಸಿ.

ನಿಲ್ಲಿಸುವ ಶಕ್ತಿ

ಎಂಜಿನ್ನಿನ ಬಲ ಹೆಚ್ಚಿಸಿದವರು ಬ್ರೇಕಿನ ಬಲವನ್ನು ಅದಕ್ಕಿಂತ ಮೊದಲು ಹೆಚ್ಚಿಸಬೇಕು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಅಳವಡಿಸುವುದು ಮತ್ತು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ, ಒಂದೇ ಕೋಣೆಯ ಮಾಸ್ಟರ್ ಸಿಲಿಂಡರನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆಬೇರೆ ಒತ್ತಡ ಕೊಡುವ ಎರಡು ಕೋಣೆಯದಕ್ಕೆ ಬದಲಿಸುವುದು, ಇವೆರಡನ್ನೂ ನಾನು ಐಚ್ಛಿಕವೆಂದು ಹೇಳಲಾರೆ. ಉಕ್ಕಿನ ಬ್ರೇಕ್ ಪೈಪುಗಳ ಬದಲು ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಹಾಕಿದರೆ ಉಪ್ಪುಗಾಳಿಯಲ್ಲೂ ಬಾಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದ್ದರಿಂದ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸಿ.

ಮುಂದಿನ ಸಸ್ಪೆನ್ಶನ್ನಿನ ಕೆಳತುದಿಯಲ್ಲಿ ಟ್ರನಿಯನ್ ಎಂಬ ಕಂಚಿನ ಕೀಲು ಇದೆ. ಸ್ಟಿಯರಿಂಗ್ ಹೊರಳಿಸಿದಾಗ ಚಕ್ರ ಎಡಬಲಕ್ಕೆ ತಿರುಗುವುದು ಅದರ ಮರೆಯ ಮೇಲೆಯೇ. ಅದಕ್ಕೆ ಹಾಕಬೇಕಾದದ್ದು ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ಗ್ರೀಸ್ ಗಟ್ಟಿಯಾಗಿ ಎಣ್ಣೆಯ ದಾರಿ ಮುಚ್ಚಿಹೋದರೆ ಒಳಗಿನ ಉಕ್ಕಿನ ದಂಡ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ಕಾರು ವರ್ಷಗಟ್ಟಲೆ ನಿಂತದ್ದಾದರೆ ಈ ಭಾಗವನ್ನು ಪೂರ್ತಿ ಬಿಚ್ಚಿ, ದಂಡದ ಮರೆಯಲ್ಲಿ ಗುಳಿ ಕಂಡರೆ ಹೊಸದನ್ನೇ ಹಾಕಿ. ಹಿಂದೆ ಅಡ್ಡ ಪಟ್ಟೆ ಸ್ಪ್ರಿಂಗಿಗೆ ತೂಗುವ ಸ್ವಿಂಗ್ ಆಕ್ಸಲ್ (ಒಳತುದಿಯಲ್ಲಿ ಮಾತ್ರ ಕೀಲಿದ್ದು ಚಕ್ರದೊಡನೆ ಮೇಲೆಕೆಳಗೆ ಆಡುವ ಆಕ್ಸಲ್) ಇದೆ. ತಿರುವಿನ ನಡುವೆ ಹಠಾತ್ತನೆ ಆಕ್ಸಿಲರೇಟರ್ ಬಿಟ್ಟರೆ ಅಥವಾ ಬ್ರೇಕ್ ಒತ್ತಿದರೆ ಹೊರಬದಿಯ ಹಿಂಚಕ್ರದ ತಳ ಕಾರಿನಡಿಗೆ ಮಡಚಿ ಕಾರು ಗಿರಕಿ ಹೊಡೆಯುವ ಅಪಾಯ ಈ ವಿನ್ಯಾಸದಲ್ಲಿದೆ. ಹಿಂದಿನ ಸ್ಪ್ರಿಂಗನ್ನು ಸ್ವಲ್ಪ ತಗ್ಗಿಸಿ ಚಕ್ರಗಳ ಮೇಲ್ಭಾಗ ಒಳಮುಖವಾಗಿ ಕೊಂಚ ವಾಲುವಂತೆ ಮಾಡಿಸುವುದು ಅಪಾಯವನ್ನು ತಗ್ಗಿಸುತ್ತದೆ. ಘಟ್ಟದಲ್ಲಿ ಓಡಿಸುವವರು ತಿರುವಿಗೆ ಮೊದಲೇ ವೇಗ ಇಳಿಸುವುದನ್ನು ರೂಢಿಸಿಕೊಳ್ಳಲೇಬೇಕು.

ಇಂಧನ, ವಿದ್ಯುತ್ತು, ತಂಪು

ಈಗ ಬಂಕುಗಳಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲು. ಅದು ಹಳೆಯ ರಬ್ಬರ್ ಪೈಪು ಮತ್ತು ವಾಷರುಗಳನ್ನು ಮೆತ್ತಗೆ ಮಾಡುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಎಲ್ಲ ಪೈಪುಗಳನ್ನೂ ಎಥನಾಲ್ ತಡೆಯುವ ವೈಟಾನ್ ಜಾತಿಯ ರಬ್ಬರಿನದಕ್ಕೆ ಬದಲಿಸಿ. ಮಳೆಗಾಲದಲ್ಲಿ ಕಾರು ಬಹುದಿನ ನಿಲ್ಲುವುದಾದರೆ ಟ್ಯಾಂಕನ್ನು ಅರೆಖಾಲಿ ಬಿಡಬೇಡಿ, ಖಾಲಿ ಜಾಗದ ತೇವ ಪೆಟ್ರೋಲಿಗೆ ಸೇರಿ ಎಥನಾಲ್ ಮತ್ತು ನೀರು ತಳಕ್ಕೆ ಬೇರ್ಪಡುತ್ತವೆ. ತೂತಾದ ಟ್ಯಾಂಕನ್ನು, ಅದು ಎಷ್ಟು ವರ್ಷದಿಂದ ಒಣಗಿದ್ದರೂ, ಮನೆಯಲ್ಲಿ ಬೆಸೆಯಲು ಹೋಗಬೇಡಿ. ಒಳಗುಳಿದ ಆವಿ ಸ್ಫೋಟಿಸುತ್ತದೆ. ಎಂಪಿಎಫ್‌ಐ ಎಂಜಿನ್ನಿಗೆ ಅಧಿಕ ಒತ್ತಡದ ಪಂಪು ಮತ್ತು ಅದರ ಒತ್ತಡಕ್ಕೆ ತಕ್ಕ ಪೈಪು ಬೇಕೇ ಬೇಕು.

ಆ ಕಾಲದ ಬ್ರಿಟಿಷ್ ಮೂಲದ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಅರ್ಥ್ ಮಾಡುವ ರೂಢಿ ಇತ್ತು. ಜಿಪ್ಸಿ ಎಂಜಿನ್ನಿನ ಆಲ್ಟರ್ನೇಟರ್ ಮತ್ತು ಇಸಿಯುಗೆ ನೆಗೆಟಿವ್ ಅರ್ಥ್ ಬೇಕು, ತಿರುಗುಮುರುಗಾದರೆ ಕ್ಷಣದಲ್ಲಿ ಸುಡುತ್ತವೆ. ಹಳೆಯ ವೈರಿಂಗನ್ನು ಉಳಿಸಿಕೊಳ್ಳುವ ಆಸೆ ಬೇಡ. ಹೊಸ ವೈರಿಂಗ್ ಹಾಕಿಸಿ, ಪ್ರತಿ ಸರ್ಕ್ಯೂಟಿಗೂ ಪ್ರತ್ಯೇಕ ಫ್ಯೂಸ್ ಇಟ್ಟು, ಎಂಜಿನ್, ಚಾಸಿಸ್, ಬಾಡಿ ಮೂರನ್ನೂ ದಪ್ಪ ಅರ್ಥ್ ಪಟ್ಟಿಯಿಂದ ಜೋಡಿಸಿ. ಎಪಾಕ್ಸಿ ಬಳಿದ ಬಾಡಿಯಲ್ಲಿ ಅರ್ಥ್ ಬಿಂದುವಿನ ಬಣ್ಣವನ್ನು ಕೆರೆದು, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿ.

ರೇಡಿಯೇಟರ್ ಹೊಸ ಎಂಜಿನ್ನಿನ ಶಾಖಕ್ಕೆ ತಕ್ಕಷ್ಟು ದೊಡ್ಡದಿರಲಿ, ಫ್ಯಾನಿನ ಸುತ್ತ ಕವಚವಿರಲಿ. ಸಮತಟ್ಟಾದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಣದ ದೋಷ ಘಟ್ಟದ ಏರಿನಲ್ಲಿ ಕಾಣುತ್ತದೆ.

ಮೊದಲ ಚಾಲನೆ

ಎಂಜಿನ್ನನ್ನು ಚಾಲೂ ಮಾಡುವ ಮೊದಲು ಪ್ಲಗ್ಗುಗಳನ್ನು ತೆಗೆದು, ಆಯಿಲ್ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರಿನಿಂದ ಸ್ವಲ್ಪಸ್ವಲ್ಪ ಹೊತ್ತು ತಿರುಗಿಸಿ. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ. ಚಾಲೂ ಆದ ಮೇಲೆ ಇಂಧನ, ನೀರು, ಆಯಿಲ್ ಸೋರಿಕೆ ನೋಡಿ, ಫ್ಯಾನ್ ತಾನಾಗಿ ಓಡುವವರೆಗೆ ನಿಂತಲ್ಲೇ ಓಡಲು ಬಿಡಿ. ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಬ್ರೇಕ್ ಪರೀಕ್ಷಿಸಿ. ರಸ್ತೆಗೆ ಇಳಿಸುವುದು ಆರ್‌ಟಿಓ ತಪಾಸಣೆಯಾಗಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರು ನಮೂದಾಗಿ, ವಿಮೆ ಮತ್ತು ಹೊಗೆ ತಪಾಸಣಾ ಪತ್ರ ಕೈಗೆ ಬಂದ ಮೇಲೆ. ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸದಿದ್ದರೆ ಅಪಘಾತವಾದಾಗ ಪರಿಹಾರ ನಿರಾಕರಿಸಲು ಅವರಿಗೆ ಕಾರಣ ಸಿಕ್ಕಂತಾಗುತ್ತದೆ.

ಮೊದಲ ಕೆಲವು ದಿನ ಊರೊಳಗೆ, ಅನಂತರ ಹೆದ್ದಾರಿಯಲ್ಲಿ ಮಿತವೇಗದಲ್ಲಿ ಓಡಿಸಿ, ಪ್ರತಿ ಸಲ ಮರಳಿದಾಗ ಮೌಂಟಿಂಗ್ ಬೋಲ್ಟು, ಶಾಫ್ಟಿನ ಬೋಲ್ಟು, ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಯಿರಿ. ಡಿಫರೆನ್ಶಿಯಲ್ಲಿನಿಂದ ಗೊಂಯ್ ಎಂಬ ದನಿ ಬಂದರೆ ಅಲ್ಲಿಗೇ ನಿಲ್ಲಿಸಿ ಆಯಿಲ್ ನೋಡಿ. ಇದೆಲ್ಲ ಸರಿಯಾದ ಮೇಲೆ ಕುಮಟಾದಿಂದ ಶಿರಸಿಗೆ ಏರುವ ದೇವಿಮನೆ ಘಟ್ಟ ಅಥವಾ ಅಂಕೋಲಾದಿಂದ ಯಲ್ಲಾಪುರದ ಕಡೆಯ ಅರಬೈಲ್ ಘಟ್ಟ ಅಂತಿಮ ಪರೀಕ್ಷೆಗೆ ಯೋಗ್ಯ. ಏರುವಾಗ ಉಷ್ಣತೆಯ ಮುಳ್ಳನ್ನು ಗಮನಿಸಿ. ಇಳಿಯುವಾಗ ಕೆಳಗಿನ ಗೇರಿನಲ್ಲೇ ಬನ್ನಿ. ಪೆಡಲ್ ಮೆತ್ತಗಾಗತೊಡಗಿದರೆ ಪಕ್ಕಕ್ಕೆ ನಿಲ್ಲಿಸಿ ತಣಿಯಲು ಬಿಡಿ, ಊರಿಗೆ ಬಂದು ಪ್ಯಾಡು ಮತ್ತು ಬ್ರೇಕ್ ಆಯಿಲ್ ಎರಡನ್ನೂ ಪರಿಶೀಲಿಸಿ.

ಇನ್ನು ಕಾರನ್ನು ಇಡುವ ಜಾಗ. ಗಾಳಿಯಾಡುವ ಶೆಡ್ಡು ಬೇಕು, ಪ್ಲಾಸ್ಟಿಕ್ ಹೊದಿಕೆ ಬೇಡ; ಅದರೊಳಗೆ ಬೆವರುವ ತೇವ ಮಳೆಗಿಂತ ಹೆಚ್ಚು ಹಾನಿಕರ. ಮಣ್ಣಿನ ನೆಲವಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಹಲಗೆ ಇಡಿ. ಸಮುದ್ರದ ದಂಡೆಯ ರಸ್ತೆಯಲ್ಲಿ ಓಡಿಸಿದ ದಿನ ಕಾರಿನ ಕೆಳಭಾಗವನ್ನು ಸಿಹಿನೀರಿನಿಂದ ತೊಳೆಯಿರಿ, ಪ್ರತಿ ಮೇ ತಿಂಗಳಲ್ಲಿ ನೀರು ಹರಿಯುವ ರಂಧ್ರಗಳನ್ನು ತಂತಿಯಿಂದ ಬಿಡಿಸಿ, ಪೆಟ್ಟಿಗೆಗಳೊಳಗೆ ಕ್ಯಾವಿಟಿ ವ್ಯಾಕ್ಸನ್ನು ಮತ್ತೊಮ್ಮೆ ಸಿಂಪಡಿಸಿ.